ತಟ್ಟುಬಳೆ

ಕೂಸು ಚೀರಿದರೆ ತಾಯಿ ಅದನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾಳೆ. ಅವಳಿಗೆ ಯಾರೂ ತಾಳ ಕಲಿಸಿರುವುದಿಲ್ಲ. ಆದರೂ ಆ ತಟ್ಟು ಅವಳ ಎದೆಬಡಿತದ ಜೊತೆಗೇ ಬೀಳುತ್ತದೆ. ಕೂಸಿನ ಬಡಿತ ಮೆಲ್ಲಗೆ ತಾಯಿಯ ಬಡಿತಕ್ಕೆ ಬಂದು ಕೂಡುತ್ತದೆ. ಅಳು ಬಿಕ್ಕಾಗಿ, ಬಿಕ್ಕು ನಿಟ್ಟುಸಿರಾಗಿ, ನಿಟ್ಟುಸಿರು ನಿದ್ದೆಯಾಗುತ್ತದೆ. ಶಿವ ಮನುಷ್ಯರನ್ನು ಮಾಡುವಾಗ ಸಿಟ್ಟನ್ನೂ ಇಟ್ಟ, ಸಿಟ್ಟು ಇಳಿಸುವ ಕೈಯನ್ನೂ ಇಟ್ಟ. ಆದರೆ ಆ ಕೈ ತಟ್ಟುವ ಬದಲು ಬಡಿದರೆ? ಅಂಥ ಮನೆಯಲ್ಲಿ ಬೆಳೆದ ಹೆಣ್ಣುಮಗಳು ಹರೆಯಕ್ಕೆ ಬಂದು, ಕೈಗೆ ಸಿಕ್ಕಿದ್ದನ್ನು ಎತ್ತಿ ಒಗೆಯತೊಡಗಿದರೆ ಅವಳ ಬೆನ್ನು ಯಾರು ತಟ್ಟಬೇಕು? ಅವಳ ಮೈಯೇ ಅವಳನ್ನು ತಟ್ಟುವಂತಾದರೆ?

ಘಟಪ್ರಭೆಯ ದಂಡೆಯ ಹೊಸಬೆಳಗು ಬಾಲಕಿಯರ ನಿಲಯಕ್ಕೆ ನೀಲಾಂಬಿಕೆ ಹಳ್ಳೂರ ಮನಶ್ಶಾಸ್ತ್ರಜ್ಞೆಯಾಗಿ ಬಂದ ವರ್ಷವೇ ಈ ಪ್ರಶ್ನೆ ಅವಳನ್ನು ಹಿಡಿಯಿತು. ಉತ್ತರವಾಗಿ ಹುಟ್ಟಿದ್ದು ತಟ್ಟುಬಳೆ. ನೋಡುವುದಕ್ಕೆ ಸಾದಾ ಬಳೆ; ಒಳಮೈಯಲ್ಲಿ ಬೆರಳ ತುದಿಯಷ್ಟು ಮೆತ್ತನೆಯ ಗುಂಡಿ. ಹುಡುಗಿಯನ್ನು ಮೊದಲು ಸಮಾಧಾನದಲ್ಲಿ ಕೂರಿಸಬೇಕು. ಆಗ ಅವಳ ನಾಡಿ, ಉಸಿರು, ಅಂಗೈಯ ಬೆವರು ಎಲ್ಲವನ್ನೂ ಬಳೆ ಅಳೆದು ಅವಳ ನೆಮ್ಮದಿಯ ಲಯವನ್ನು ಹಿಡಿದಿಡುತ್ತದೆ. ಆ ಲಯಕ್ಕೆ ನೀಲಾಂಬಿಕೆ ತಳಶ್ರುತಿ ಎಂದು ಹೆಸರಿಟ್ಟಿದ್ದಳು. ಮುಂದೆ ಸಿಟ್ಟು ಏರುವ ಸುಳಿವು ಸಿಕ್ಕ ಕೂಡಲೇ ಗುಂಡಿ ಮಣಿಕಟ್ಟಿನ ಮೇಲೆ ಅದೇ ಲಯದಲ್ಲಿ ತಟ್ಟತೊಡಗುತ್ತದೆ. ಮೈ ತನ್ನ ಹಳೆಯ ದಾರಿ ನೆನೆದು ಇಳಿಯುತ್ತದೆ.

ಬಳೆಯೊಂದೇ ಸಾಲದೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ದಿನಾ ಸಂಜೆ ಹುಡುಗಿಯರನ್ನು ಬೇವಿನ ಕಟ್ಟೆಯ ಮೇಲೆ ಸುತ್ತಲೂ ಕೂರಿಸಿಕೊಂಡು ಪಾಠ ಮಾಡುತ್ತಿದ್ದಳು: ಬಳೆ ತಟ್ಟಿದರೆ ನಿಲ್ಲು, ಉಸಿರು ನೋಡು, ಒಳಗೆ ಬಂದದ್ದನ್ನು ಹೆಸರು ಹಿಡಿದು ಕರೆ, ಆಮೇಲೆ ಏನು ಬೇಕೋ ಬಾಯಿಬಿಟ್ಟು ಕೇಳು. ತಮ್ಮ ತಮ್ಮ ಸಿಟ್ಟಿಗೆ ಹೆಸರಿಡುವುದೆಂದರೆ ಹುಡುಗಿಯರಿಗೆ ಹಬ್ಬ. ಮೆಹಬೂಬಿ ತನ್ನದನ್ನು ಕೆಂಪಿರುವೆ ಎಂದಳು. ಯಲ್ಲವ್ವ ಕುಕ್ಕರಿನ ಸೀಟಿ ಎಂದಳು. ಬನಶಂಕರಿಯ ಸರದಿ ಬಂದಾಗ ಮಾತ್ರ ಆಟ ಅಲ್ಲೇ ತಡೆಯುತ್ತಿತ್ತು.

"ನಿನ್ನ ಸಿಟ್ಟಿನ ಹೆಸರೇನವ್ವಾ?"

"ಹೆಸರಿಲ್ರೀ ಅಕ್ಕಾರ."

"ಹೆಸರಿಲ್ಲಂದ್ರ ಕರಿಯೂದು ಹೆಂಗ?"

"ಕರೀದ ಬರ್ತೈತ್ರಿ ಅದು. ಮತ್ತ್ಯಾಕ ಕರೀಲಿ?"

ಕಟ್ಟೆಯ ತುಂಬ ನಗೆ. ಬನಶಂಕರಿ ನಗಲಿಲ್ಲ. ಅವಳ ತೊಡೆಗೆ ಆತು ಕುಳಿತ ಒಂಬತ್ತು ವರ್ಷದ ತಂಗಿ ಚಂಪಾ ಅಕ್ಕನ ಮುಖ ನೋಡಿ, ತಾನೂ ನಗೆ ನುಂಗಿಕೊಂಡಳು.

ಈ ಅಕ್ಕತಂಗಿಯರು ನೇಕಾರ ಓಣಿಯವರು. ತಾಯಿಯನ್ನು ಅರೆಜೀವವಾಗುವಂತೆ ಬಡಿದ ತಪ್ಪಿಗೆ ತಂದೆ ಜೈಲಿನಲ್ಲಿದ್ದ. ಪರೀಕ್ಷೆಯ ಹೊತ್ತಿನಲ್ಲಿ ಗೆಳತಿಯೊಬ್ಬಳ ಹಲ್ಲು ಮುರಿದು ಬನಶಂಕರಿ ನಿಲಯ ಸೇರಿದ್ದಳು. ಅಕ್ಕನನ್ನು ಬಿಟ್ಟಿರಲಾರೆನೆಂದು ಚಂಪಾ ಬೆನ್ನಿಗೆ ಬಿದ್ದು ಬಂದಿದ್ದಳು. ಉಳಿದ ಹುಡುಗಿಯರೆಲ್ಲ ಬಳೆ ತೊಟ್ಟು ದಿನದಿನಕ್ಕೆ ತಿಳಿಯಾಗುತ್ತ ಹೋದರು. ಕಿಟಕಿ ಒಡೆಯುತ್ತಿದ್ದ ಯಲ್ಲವ್ವ ಈಗ ಸಿಟ್ಟು ಬಂದರೆ ಹೋಗಿ ಬಟ್ಟೆ ಒಗೆಯುತ್ತಿದ್ದಳು. ಬನಶಂಕರಿ ಮಾತ್ರ ಬಳೆ ತೊಟ್ಟ ಮೇಲೆ ಇನ್ನಷ್ಟು ಕೆಟ್ಟಳು.

ಆ ಗುರುವಾರ ಮಧ್ಯಾಹ್ನ ಊಟದ ಸಾಲು ಕೂತಿತ್ತು. ಉಣ್ಣುವ ಮೊದಲು ಎಲ್ಲರೂ ಕಣ್ಣು ಮುಚ್ಚಿ ತುಸು ಹೊತ್ತು ಮೌನವಾಗಿರುವುದು ನಿಲಯದ ಪದ್ಧತಿ. ಮೇಲ್ವಿಚಾರಕಿ ಸುಶೀಲಾಬಾಯಿ ಸಾಲಿನ ನಡುವೆ ನಡೆದು ಬರುತ್ತಿದ್ದರು. ಆ ಮೌನದಲ್ಲಿ ಬನಶಂಕರಿಯ ಬಳೆ ತಟ್ಟತೊಡಗಿತು. ಮರುಗಳಿಗೆ ಸ್ಟೀಲಿನ ತಟ್ಟೆ ಸುಯ್ಯೆಂದು ಹಾರಿ ಸುಶೀಲಾಬಾಯಿಯ ಹುಬ್ಬಿನ ಮೇಲೆ ಬಿತ್ತು. ರಕ್ತ ಇಳಿಯಿತು.

ನಿಲಯದ ಹಳೆಯ ಉಗ್ರಾಣವನ್ನೇ ತೆರವು ಮಾಡಿ ನೀಲಾಂಬಿಕೆ ಬಳೆಗಳ ಮೇಲೆ ಕಣ್ಣಿಡುವ ಕೋಣೆ ಮಾಡಿಕೊಂಡಿದ್ದಳು. ಜೋಳದ ಚೀಲದ ವಾಸನೆ ಇನ್ನೂ ಹೋಗಿರಲಿಲ್ಲ. ಪರದೆಯ ಮೇಲೆ ಒಬ್ಬೊಬ್ಬ ಹುಡುಗಿಗೂ ಒಂದೊಂದು ಗೆರೆ. ಬಳೆಯ ಯಂತ್ರಭಾಗವನ್ನು ಕಟ್ಟಿದ ಇಲಿಯಾಸ್ ನದಾಫ ತಲೆ ಕೆರೆದುಕೊಳ್ಳುತ್ತ ಕುಳಿತಿದ್ದ.

"ಮೇಡಂ, ಬಳಿ ತಟ್ಟಿದ್ರ ಉಳಿದವ್ರ ಗೆರಿ ಇಳೀತೈತಿ. ಈಕಿದು ಏರ್ತೈತಿ."

"ಬಳಿ ಕೆಟ್ಟಿರಬೇಕು."

"ಬ್ಯಾರೆ ಬಳಿ ಹಾಕಿ ನೋಡೀನ್ರಿ. ಬಳಿ ಚಲೋ ಐತಿ. ಹುಡುಗಿನೂ ಚಲೋ ಅದಾಳ. ಇಬ್ಬರಿಗೂ ಕೂಡಿಬರವಲ್ದು, ಅಷ್ಟ. ಬಳಿ ಮ್ಯಾಲ ಸಿಟ್ಟಿದ್ರ ನಮಗ ಒಗೀಬೇಕಿತ್ತ್ರಿ, ಪಾಪ ಬಾಯಾರ ಹಣಿ ಏನ್ ಮಾಡಿತ್ತು?"

ಅಷ್ಟರಲ್ಲಿ ಹಣೆಗೆ ಪಟ್ಟಿ ಸುತ್ತಿಕೊಂಡ ಸುಶೀಲಾಬಾಯಿಯೇ ಬಾಗಿಲಲ್ಲಿ ನಿಂತರು. ಅವರು ಸಿಡುಕಿನ ಹೆಂಗಸಾದರೂ ಮಕ್ಕಳ ಮೇಲೆ ಎಂದೂ ಕೈ ಎತ್ತಿದವರಲ್ಲ.

"ನೀಲಾ, ನಾ ಸಿಟ್ಟಿಲೆ ಹೇಳಾಕತ್ತಿಲ್ಲ. ಉಳಿದ ಮಕ್ಕಳನ್ನೂ ಕಾಯಬೇಕಲ್ಲ? ಸೋಮವಾರ ಕಮಿಟಿ ಕೂಡತೈತಿ. ಬನಶಂಕರಿನ ಭದ್ರತಾ ನಿಲಯಕ್ಕ ಕಳಿಸಿಬಿಡೂನು."

"ಅದು ಎಲ್ಲೀ ದೂರದ ಊರು, ಬಾಯಾರ! ಚಂಪಾ?"

"ಅಲ್ಲಿ ಸಣ್ಣವ್ರನ್ನ ತಗೊಳ್ಳೂದಿಲ್ಲ. ಆಕಿ ಇಲ್ಲೇ ಇರತಾಳ."

ಹೊರಗೆ ಪಡಸಾಲೆಯಲ್ಲಿ ಅಕ್ಕತಂಗಿಯರು ಗೋಡೆಗೆ ಆತು ಕುಳಿತಿದ್ದರು. ಮಾತು ಅವರ ಕಿವಿಗೆ ಬಿದ್ದಿತ್ತು. ಚಂಪಾ ತನ್ನ ಜಡೆಯ ರಿಬ್ಬನ್ನಿನ ತುದಿಯನ್ನು ಅಕ್ಕನ ಓಢಣಿಯ ತುದಿಗೆ ಸೇರಿಸಿ, ಹರಿದ ಎಳೆಗೆ ನೇಕಾರರು ಹಾಕುವಂಥ ಸಣ್ಣ ಗಟ್ಟಿ ಗಂಟು ಹಾಕುತ್ತಿದ್ದಳು.

"ಇದನ್ನ ಜಗ್ಗಿದ್ರ ಬಿಚ್ಚೂದಿಲ್ರೀ ಅಕ್ಕಾರ," ಎಂದಳು ನೀಲಾಂಬಿಕೆಯನ್ನು ನೋಡಿ. "ಜಗ್ಗಿದಷ್ಟೂ ಬಿಗೀತೈತಿ."

ನೀಲಾಂಬಿಕೆಯ ದಿನ ಪೂಜೆಯಿಂದ ಶುರುವಾಗುತ್ತಿತ್ತು. ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕೂತರೆ ಅವಳಿಗೆ ಜಗತ್ತು ದೂರವಾಗಬೇಕು. ಅದಕ್ಕಾಗಿ ಕಿಟಕಿ ಮುಚ್ಚುವಳು, ತೊಟ್ಟಿಕ್ಕುವ ನಲ್ಲಿಯ ಕೆಳಗೆ ಅರಿವೆ ಇಡುವಳು. ಆ ಮೌನದಲ್ಲಿ ಒಂದು ಗಳಿಗೆ ಯಾರೋ ಬಂದು ಎದುರು ಕೂತಂತಾಗುತ್ತಿತ್ತು. ಅಂಥ ನೆಮ್ಮದಿ ತನ್ನ ಹುಡುಗಿಯರಿಗೂ ಸಿಗಲೆಂದೇ ಅವಳು ನಿಲಯದಲ್ಲಿ ದಪ್ಪ ಗೋಡೆಯ ಪ್ರಾರ್ಥನಾ ಕೋಣೆ ಕಟ್ಟಿಸಿದ್ದಳು. ಎಲ್ಲರ ತಳಶ್ರುತಿಯನ್ನೂ ಅಲ್ಲಿಯೇ, ಬಾಗಿಲು ಮುಚ್ಚಿ, ಮೌನದಲ್ಲಿ ಅಳೆದಿದ್ದಳು.

ಶುಕ್ರವಾರ ಬೆಳಗ್ಗೆ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಒಂದೀಟು ತಡಿಯಬಾರದೇನು? ಪೂಜಾಕ ಕುಂತೀನಿ."

"ನಿನ್ನ ಶಿವಾ ಸಪ್ಪಳಕ್ಕ ಅಂಜತಾನೇನು? ಕೈಯಾಗ ಢಮರುಗ ಹಿಡಕೊಂಡು ಕುಣಿಯಾಂವ ಅಂವ!" ಎಂದು ಅವ್ವ ರೊಟ್ಟಿಯನ್ನು ಇನ್ನೆರಡು ಪೆಟ್ಟು ಹೆಚ್ಚಿಗೇ ಬಡಿದಳು.

ಬನಶಂಕರಿಯನ್ನು ಬೇರೆಡೆಗೆ ಕಳಿಸುವ ಮೊದಲು ಅವಳ ತಾಯಿಗೆ ತಿಳಿಸಬೇಕು. ಆ ಭಾರದ ಸುದ್ದಿ ಹೊತ್ತು ನೀಲಾಂಬಿಕೆ ಅಂದೇ ನೇಕಾರ ಓಣಿಗೆ ಹೋದಳು. ಆ ಕಾಲಕ್ಕೆ ಬಸ್ಸುಗಳು ಚಾಲಕರಿಲ್ಲದೆ ಓಡುತ್ತಿದ್ದವು, ಆಕಾಶದಿಂದ ಡ್ರೋನುಗಳು ಔಷಧಿ ಇಳಿಸುತ್ತಿದ್ದವು. ನೇಕಾರ ಓಣಿಯ ಕರೆಂಟು ಮಾತ್ರ ಅಜ್ಜನ ಕಾಲದಂತೆಯೇ ಹೋಗಿ ಬರುತ್ತಿತ್ತು. ಓಣಿಗೆ ಕಾಲಿಟ್ಟರೆ ಮನೆಮನೆಯಲ್ಲೂ ಪವರ್‌ಲೂಮುಗಳ ಕಟಕಟ. ನೆಲವೇ ಅದುರುತ್ತಿತ್ತು.

ತಾಯಿ ಕಾಶವ್ವ ಗಂಡನ ಮಗ್ಗವನ್ನು ಈಗ ತಾನೇ ನಡೆಸುತ್ತಿದ್ದಳು. ಓಡುವ ಮಗ್ಗದ ಮೇಲಿಂದ ಕಣ್ಣು ತೆಗೆಯದೆ, "ಕುಂದರ್ರಿ ಅಕ್ಕಾರ! ಹುಡುಗ್ಯಾರು ಅರಾಮ ಅದಾವೇನ್ರಿ?" ಎಂದು ಕೂಗಿದಳು. ನೀಲಾಂಬಿಕೆಯೂ ಕೂಗಿಯೇ ಉತ್ತರ ಕೊಡಬೇಕಾಯಿತು. ಕೂಗಿ ಹೇಳುವಂಥ ಸುದ್ದಿ ಅದಾಗಿರಲಿಲ್ಲ. ಹೇಗೆ ಶುರು ಮಾಡಲಿ ಎಂದು ಅವಳು ಬಾಯಿ ತೆರೆದಳು.

ಕರೆಂಟು ಹೋಯಿತು.

ಇಡೀ ಓಣಿ ಒಂದೇ ಏಟಿಗೆ ನಿಂತಿತು. ನೀಲಾಂಬಿಕೆಯ ಮೈ ಸಡಿಲಾಗಿ, "ಶಿವಾ, ಎಂಥಾ ಶಾಂತಿ" ಎಂದು ಮನಸ್ಸು ಅಂದುಕೊಂಡಿತು. ಕಣ್ಣೆತ್ತಿ ನೋಡಿದಳು.

ಕಾಶವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದಳು. ಮಗ್ಗದ ಪಕ್ಕ ಬಿದ್ದಿದ್ದ ಕಟ್ಟಿಗೆಯ ತುಂಡನ್ನು ಅವಳ ಕಾಲು ಮೆಲ್ಲಗೆ ಚೀಲಗಳ ಅಡಿಗೆ ಸರಿಸುತ್ತಿತ್ತು. ಬೆನ್ನು ಗೋಡೆಗೆ ಹೋಗಿ ಆತಿತ್ತು. 

"ಕಾಶವ್ವಾ, ಏನಾತು?"

"ಏನಿಲ್ರಿ." ಅವಳು ನಾಚಿಕೊಂಡವಳಂತೆ ಸೆರಗು ಇಳಿಸಿದಳು. "ಮಗ್ಗ ನಿಂತಿತಲ್ರಿ."

"ನಿಂತ್ರ?"

"ನಿಂತ್ರ ಅಂವ ಏಳತಿದ್ದ."

"ಈಗ ಅಂವ ಇಲ್ಲಲ್ಲ, ತಾಯಿ."

"ಇಲ್ರಿ. ನನಗ ಗೊತ್ತೈತಿ. ಈ ಕೈಕಾಲಿಗೆ ಗೊತ್ತಿಲ್ಲ."

ನೀಲಾಂಬಿಕೆಗೆ ಕೂರಲಾಗಲಿಲ್ಲ. ಎದ್ದು ಬಂದು ಅವಳ ಹತ್ತಿರ ನಿಂತಳು. "ಮಕ್ಕಳು ಆಗ ಎಲ್ಲಿರ್ತಿದ್ವು?"

"ಇಲ್ಲೇ, ಮಗ್ಗದ ಹಿಂದ, ನೂಲಿನ ಗಂಟಿನ ಮ್ಯಾಲ. ಮಗ್ಗ ಓಡೂತನಾ ಸುಖವಾಗಿ ಮಕ್ಕೋತಿದ್ವು. ಅಲ್ಲೀತನಾ ಅವನ ಎರಡೂ ಕೈ ಮಗ್ಗಕ್ಕ ಬೇಕಾಗಿರ್ತಿದ್ವಲ್ರಿ. ಸಪ್ಪಳ ನಿಂತಿತು ಅಂದ್ರ ದೊಡ್ಡಾಕಿ ಎದ್ದು, ಸಣ್ಣಾಕಿನ ಬೆನ್ನ ಹಿಂದ ಮಾಡಿ, ಕೈಗೆ ಏನ್ ಸಿಗತೈತಿ ಅದನ್ನ ಹಿಡಕೊಂಡು ನಿಂದರತಿದ್ಳು."

ಊಟದ ಸಾಲಿನ ಮೌನ ನೀಲಾಂಬಿಕೆಯ ಕಣ್ಣ ಮುಂದೆ ಬಂತು. ಆ ಮೌನದಲ್ಲಿ ಹತ್ತಿರ ಬರುತ್ತಿದ್ದ ಹೆಜ್ಜೆ. ಮಗ್ಗುಲಲ್ಲಿ ಚಂಪಾ. ಕೈಗೆ ಸಿಕ್ಕ ತಟ್ಟೆ.

ತಂದ ಸುದ್ದಿಯನ್ನು ಹೇಳದೆಯೇ ಅವಳು ಹೊರಟು, ನಿಲಯದ ಉಗ್ರಾಣದ ಕೋಣೆಗೆ ಬಂದಳು.

"ಇಲಿಯಾಸ್, ಬನಶಂಕರಿಯ ತಳಶ್ರುತಿ ತಗಿ."

ಅವನು ತೆಗೆದ. ಪ್ರಾರ್ಥನಾ ಕೋಣೆಯಲ್ಲಿ ಅಳೆದ ಆ ಲಯ ಉಳಿದ ಹುಡುಗಿಯರದಕ್ಕಿಂತ ಅವಸರದ್ದಾಗಿತ್ತು. ಆಗಲೂ ಅದು ಅವರ ಕಣ್ಣಿಗೆ ಬಿದ್ದಿತ್ತು. ಹುಟ್ಟುಗುಣ ಇದ್ದೀತು ಎಂದು ಇಬ್ಬರೂ ಬಿಟ್ಟಿದ್ದರು. ಈಗ ಬಡಿದಾಟಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದರು. ಓದುವ ಹೊತ್ತು. ಪರೀಕ್ಷೆ. ಊಟದ ಮುಂಚಿನ ಗಳಿಗೆ. ಎಲ್ಲವೂ ಸಪ್ಪಳ ನಿಂತ ಹೊತ್ತುಗಳೇ.

"ಮೌನದಾಗ ಎಲ್ಲಾರಿಗೂ ಶಾಂತಿ ಇರತೈತಿ ಅಂತ ತಿಳದಿದ್ದೆ," ಎಂದಳು ನೀಲಾಂಬಿಕೆ. "ಆಕಿ ಅಂಜಿಕಿನ ಅಳದು, ಅದಕ್ಕ ಸಮಾಧಾನ ಅಂತ ಹೆಸರಿಟ್ಟೀನಿ."

ಇಲಿಯಾಸ್ ಪರದೆಯಿಂದ ಕೈ ತೆಗೆದ. "ಹಂಗಾದ್ರ ಇಷ್ಟು ದಿನ ನಮ್ಮ ಬಳಿ ಆಕಿ ಕೈ ಮ್ಯಾಲ ಕುಂತು, 'ಅಪ್ಪ ಬಂದ, ಅಪ್ಪ ಬಂದ' ಅಂತಿತ್ತೇನ್ರಿ?"

ಅವಳು ಎದ್ದು ನೇರ ಸುಶೀಲಾಬಾಯಿಯ ಕೋಣೆಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ರವಿವಾರ ಒಂದು ದಿನ ಮಕ್ಕಳನ್ನು ತಾಯಿಯ ಮನೆಗೆ ಕರೆದೊಯ್ಯಲು ಕೇಳಿದಳು.

ಸುಶೀಲಾಬಾಯಿ ಹಣೆಯ ಪಟ್ಟಿಯ ಮೇಲೆ ಬೆರಳಿಟ್ಟುಕೊಂಡರು. "ಮತ್ತೊಂದು ಹಣಿ ಒಡದ್ರ?"

"ನನ್ನ ಹಣಿ ಐತಲ್ರಿ."

"ಹೌದು, ನಿಂದು ಅಗಲನೂ ಐತಿ, ಗುರಿ ತಪ್ಪೂದಿಲ್ಲ. ಹೋಗ."

ರವಿವಾರ ಬನಶಂಕರಿ ತನ್ನ ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಕಾಶವ್ವ ಮಗಳನ್ನು ಕರೆಯಲಿಲ್ಲ. ಹೋಗಿ ಮಗ್ಗದ ಗುಂಡಿ ಒತ್ತಿದಳು. ಕಟಕಟ ಎದ್ದಿತು. ಆಗ ಹುಡುಗಿ ಒಳಗೆ ಬಂದು, ಮಗ್ಗದ ಹಿಂದೆ ಸುತ್ತು ಹಾಕಿ, ನೂಲಿನ ಗಂಟಿನ ಮೇಲೆ ಕುಳಿತಳು. ಚಂಪಾ ಅವಳ ತೊಡೆಯ ಮೇಲೆ ತಲೆಯಿಟ್ಟಳು. ಓಣಿಯ ಮಗ್ಗಗಳೆಲ್ಲ ಕೂಡಿ ಗೋಡೆಯನ್ನು ತಟ್ಟುತ್ತಿದ್ದವು. ನೋಡನೋಡುತ್ತ ಬನಶಂಕರಿಯ ಕೊರಳು ವಾಲಿತು, ಬಿಗಿದ ಮುಷ್ಟಿ ಬಿಚ್ಚಿತು, ನಿದ್ದೆ ಹತ್ತಿತು. ನಿಲಯದಲ್ಲಿ ಯಾರೂ ಅವಳು ಹೀಗೆ ಬಾಯಿ ತೆರೆದು ಮಲಗಿದ್ದನ್ನು ಕಂಡಿರಲಿಲ್ಲ.

ಜೊತೆಗೆ ಬಂದು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದ ಇಲಿಯಾಸ್ ಕೈಯೊಳಗಿನ ಪರದೆಯನ್ನು ಬಾಗಿಲಲ್ಲಿದ್ದ ನೀಲಾಂಬಿಕೆಯತ್ತ ತಿರುಗಿಸಿದ. ಗೆರೆ ಇಳಿದಿತ್ತು. ಎಮ್ಮೆಗಳು ಎದ್ದು ಹೋದ ಮೇಲೆ ಕೆರೆಯ ನೀರು ತಿಳಿಯಾಗುವ ಹಾಗೆ ಇಳಿದಿತ್ತು. ಬಳೆ ಆ ಲಯವನ್ನು ಹೊಸ ತಳಶ್ರುತಿಯಾಗಿ ಹಿಡಿದುಕೊಂಡಿತು. ಆ ಅಬ್ಬರದ ನಡುವೆ ನಿಂತ ನೀಲಾಂಬಿಕೆಗೆ, ಪೂಜೆಯಲ್ಲಿ ಎದುರು ಬಂದು ಕೂರುವವನು ಇಲ್ಲಿಯೂ ಬಂದು, ನೂಲಿನ ಗಂಟಿನ ಮೇಲೆ ಜಾಗ ಮಾಡಿಕೊಂಡಂತೆ ಕಂಡಿತು. ಎದೆಯ ಮೇಲಿನ ಲಿಂಗವನ್ನು ಸೀರೆಯ ಮೇಲಿಂದಲೇ ಮುಟ್ಟಿಕೊಂಡಳು.

ಬನಶಂಕರಿ ಎದ್ದ ಮೇಲೆ ನೀಲಾಂಬಿಕೆ ಅವಳಿಗೆ ಎಲ್ಲವನ್ನೂ ಹೇಳಿದಳು. ತಪ್ಪು ತನ್ನದೆಂದೂ ಹೇಳಿದಳು. ಹುಡುಗಿ ಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅಂದ್ರ ನಾ ಕೆಟ್ಟಾಕಿ ಅಲ್ರೇನು?"

"ಅಲ್ಲ. ನೀ ಕಾವಲು ನಿಂತಾಕಿ. ಈಗ ಕಾವಲು ಮುಗದೈತಿ, ಮೈಗೆ ಅದನ್ನ ತಿಳಿಸಬೇಕು. ಬಳಿ ಕೈ ಹಿಡೀತೈತಿ, ಹೆಜ್ಜಿ ಮಾತ್ರ ನೀನ ಇಡಬೇಕು."

ಅವತ್ತೇ ಅಭ್ಯಾಸ ಶುರುವಾಯಿತು. ಕಾಶವ್ವ ಮಗ್ಗ ನಿಲ್ಲಿಸಿದಳು. ಬನಶಂಕರಿ ಚಂಗನೆ ಎದ್ದು, ನೂಲು ಸುತ್ತಿದ ಕಂಡಿಕೆಯೊಂದನ್ನು ಎತ್ತಿ ಗೋಡೆಗೆ ಒಗೆದಳು. ಕಾಶವ್ವ ಮತ್ತೆ ಮಗ್ಗ ಓಡಿಸಿ ಮತ್ತೆ ನಿಲ್ಲಿಸಿದಳು. ಈ ಸಲವೂ ಕಂಡಿಕೆ ಹಾರಿತು, ಆದರೆ ತಡೆದು ಹಾರಿತು. ಸಂಜೆಯ ಹೊತ್ತಿಗೆ ಕಂಡಿಕೆ ಕೈಯಲ್ಲೇ ಉಳಿಯತೊಡಗಿತು. ಅವಳು ಅದನ್ನು ಹಿಡಿದುಕೊಂಡು, ಬಳೆ ತಟ್ಟುವುದನ್ನು ಆಲಿಸುತ್ತ ನಿಂತಿರುತ್ತಿದ್ದಳು. ಒಳಗೆ ಬಂದದ್ದಕ್ಕೆ ಹೆಸರು ಮಾತ್ರ ಇನ್ನೂ ಬಂದಿರಲಿಲ್ಲ.

ಸೋಮವಾರ ಕಮಿಟಿ ಕೂಡಿತು. ಅಧ್ಯಕ್ಷರು ಬಿಳಿ ಮೀಸೆಯ ದೇಸಾಯರು, ಜೊತೆಗೆ ಇಬ್ಬರು ಸದಸ್ಯರು. ಮೇಜಿನ ಮೇಲೆ ಹಿತ್ತಾಳೆಯ ತಂಬಿಗೆಯಲ್ಲಿ ನೀರು. ಬನಶಂಕರಿ ಮೇಜಿನ ಈಚೆ ನಿಂತಿದ್ದಳು. ಓಢಣಿಗೆ ಬೆಳಗ್ಗೆ ಮತ್ತೆ ಗಂಟು ಬಿದ್ದಿದ್ದರಿಂದ ಚಂಪಾಳೂ ಅವಳ ಬೆನ್ನಿಗೆ ಇದ್ದಳು. ನೀಲಾಂಬಿಕೆ ಮೊದಲು ಮಾತಾಡಬೇಕೆಂದಿದ್ದಳು. ಅಷ್ಟರಲ್ಲಿ ದೇಸಾಯರು ಎದ್ದು ನಿಂತು, "ಮೊದಲ ಒಂದು ನಿಮಿಷ ಮೌನ ಪ್ರಾರ್ಥನಿ ಮಾಡೂನು" ಎಂದು ಕಣ್ಣು ಮುಚ್ಚಿಬಿಟ್ಟರು.

ಕೋಣೆ ನಿಶ್ಶಬ್ದವಾಯಿತು. ನೀಲಾಂಬಿಕೆ ಕಣ್ಣು ಮುಚ್ಚಲಿಲ್ಲ. ಬನಶಂಕರಿಯ ಹೆಗಲು ಏರುವುದನ್ನು ಕಂಡಳು. ಎಡಗೈ ಹಿಂದೆ ಹೋಗಿ ಚಂಪಾಳನ್ನು ಒತ್ತಿ ಹಿಡಿಯಿತು. ಬಲಗೈ ತಂಬಿಗೆಯ ಕೊರಳನ್ನು ಹಿಡಿಯಿತು. ಸುಶೀಲಾಬಾಯಿಯೂ ಕಣ್ಣು ಮುಚ್ಚಿರಲಿಲ್ಲ. ಅವರ ಕೈ ತಾನಾಗಿಯೇ ಹುಬ್ಬಿಗೆ ಹೋಯಿತು. ಹಿತ್ತಾಳೆಗೆ ತಾಗಿದ ಬಳೆ ತಟ್ಟುವುದು ಆ ಮೌನದಲ್ಲಿ ಎಲ್ಲರಿಗೂ ಕೇಳುವಂತಿತ್ತು. ಮೆಲ್ಲಗೆ. ನಿಧಾನವಾಗಿ.

ತಂಬಿಗೆ ಎರಡು ಬೆರಳು ಮೇಲೆದ್ದಿತು. ಹಾಗೇ ನಿಂತಿತು. ಮತ್ತೆ ಮೇಜಿನ ಮೇಲೆ ಕುಳಿತಿತು.

"ಸಾಹೇಬ್ರ," ಎಂದಳು ಬನಶಂಕರಿ. ದೇಸಾಯರು ಕಣ್ಣು ತೆರೆದರು. "ಫ್ಯಾನ್ ಹಾಕಿಸ್ರಿ."

"ಯಾಕವ್ವಾ, ಸೆಕಿ ಆಗತೈತೇನು?"

"ಇಲ್ರಿ. ಸಪ್ಪಳ ನಿಂತ್ರ ನನಗ ಅಂಜಿಕಿ ಬರತೈತ್ರಿ. ಅಂಜಿಕಿ ಬಂದ್ರ ಒಗೀತೀನಿ. ಒಗೀಬಾರದಂತ ಕೇಳಾಕತ್ತೀನಿ."

ನೀಲಾಂಬಿಕೆಯ ಕಣ್ಣು ತುಂಬಿ ಬಂತು. ಬೇವಿನ ಕಟ್ಟೆಯ ಮೇಲೆ ಸಿಗದ ಹೆಸರು ಸಿಕ್ಕಿತ್ತು. ಅದು ಸಿಟ್ಟಿನ ಹೆಸರೇ ಆಗಿರಲಿಲ್ಲ.

ಎದ್ದು ಹೋಗಿ ಗುಂಡಿ ಒತ್ತಿದವರು ಸುಶೀಲಾಬಾಯಿ. ಹಳೆಯ ಫ್ಯಾನು ಕಟಕ್ ಕಟಕ್ ಎನ್ನುತ್ತ ಸುತ್ತತೊಡಗಿತು.

"ಇಷ್ಟು ಸಾಕೇನವ್ವಾ?"

"ಇನ್ನೊಂದೀಟು ಜೋರ ಮಾಡ್ರಿ, ಬಾಯಾರ." ತಡೆದು, ನೆಲ ನೋಡುತ್ತ ಕೇಳಿದಳು: "ಹಣಿ ನೋಯತೈತೇನ್ರಿ?"

"ನೋಯತೈತಿ. ಕಡಿಮಿ ಆಗತೈತಿ ತಗೋ." ಫ್ಯಾನು ಜೋರಾಯಿತು. ದೇಸಾಯರ ಕಾಗದಗಳು ಹಾರಿ ಕೋಣೆಯ ತುಂಬ ಹರಡಿದವು; ಸದಸ್ಯರಿಬ್ಬರೂ ಅವನ್ನು ಹಿಡಿಯಲು ಓಡಾಡಿದರು. ನೀಲಾಂಬಿಕೆ ನಡೆದದ್ದನ್ನೆಲ್ಲ ಆ ಸಪ್ಪಳದಲ್ಲೇ ಗಟ್ಟಿಯಾಗಿ ಹೇಳಿದಳು.

ಕೇಳಿ ಮುಗಿಸಿದ ದೇಸಾಯರು ಮೀಸೆ ನೀವಿಕೊಂಡರು. "ಬೇಕಾದ್ದನ್ನ ಬಾಯಿಬಿಟ್ಟು ಕೇಳೂ ಹುಡುಗೀನ ನಾವು ಎಲ್ಲಿಗೆ ಕಳಸೂದು, ಬಾಯಾರ?" ಎಂದರು ಸುಶೀಲಾಬಾಯಿಯತ್ತ ತಿರುಗಿ.

"ಎಲ್ಲಿಗೂ ಬ್ಯಾಡ್ರಿ," ಎಂದರು ಸುಶೀಲಾಬಾಯಿ. "ಇನ್ನ ಊಟದ ಮುಂದ ಮೌನ ಇಡೂದಿಲ್ಲ. ಹಾಡು ಹೇಳಸ್ತೀನಿ."

ಹೊರಗೆ ಪಡಸಾಲೆಯಲ್ಲಿ ಹುಡುಗಿಯರೆಲ್ಲ ಮುತ್ತಿದರು. ಇಲಿಯಾಸ್ ನೀಲಾಂಬಿಕೆಯ ಮಗ್ಗುಲಿಗೆ ಬಂದು, "ಉಳಿದ ಬಳಿಗೋಳು ಹೆಂಗ್ರಿ, ಮೇಡಂ? ಅವನ್ನೂ ಮೌನದಾಗ ಅಳದೀವಿ" ಎಂದ.

"ಅವರನ್ನ ಕೇಳೂನು," ಎಂದು ಅವಳು ಹುಡುಗಿಯರತ್ತ ತಿರುಗಿದಳು. "ನಿಮ್ಮ ಜೀವಕ್ಕ ಎಲ್ಲಿ ತಂಪ ಅನಸತೈತಿ? ಹೇಳ್ರಿ ನೋಡೂನು."

"ನನಗ ಬಸ್ಸಿನ್ಯಾಗ್ರಿ, ಕಿಟಕಿ ಬಾಜೂಕ!" ಎಂದು ಮೆಹಬೂಬಿ ಕೂಗಿದಳು. "ನನಗ ಹೊಳಿ ದಂಡಿ ಕಲ್ಲಿನ ಮ್ಯಾಲ, ಬಟ್ಟಿ ಒಗಿಯೂವಾಗ!" ಎಂದಳು ಯಲ್ಲವ್ವ. ಹಿಂದಿನಿಂದ ಇನ್ನೊಂದು ಸಣ್ಣ ದನಿ ಹೇಳಿತು: "ನನಗ ಆ ಪ್ರಾರ್ಥನಾ ಕೋಣಿನೇ ಚಲೋ ಐತ್ರಿ. ಅಲ್ಲಿ ಯಾರೂ ಬರೂದಿಲ್ಲ." ಇಲಿಯಾಸ್ ಎಲ್ಲವನ್ನೂ ಕೇಳಿಸಿಕೊಂಡು, ಬಸ್ಸಿಗೂ ಹೊಳೆಗೂ ಯಂತ್ರ ಹೊತ್ತು ತಿರುಗುವುದನ್ನು ನೆನೆದು ನಿಟ್ಟುಸಿರು ಬಿಟ್ಟ. ನೀಲಾಂಬಿಕೆ ನಕ್ಕಳು.

ಬಾಗಿಲ ಬಳಿ ಚಂಪಾ ಮೊಣಕಾಲೂರಿ ಕುಳಿತು ಓಢಣಿಯ ತುದಿಗೆ ಬಾಗಿದ್ದಳು. ಜಗ್ಗಲಿಲ್ಲ. ಗಂಟಿನ ಎರಡು ಎಳೆಗಳನ್ನು ಉಗುರಿನಿಂದ ಹಿಂದಕ್ಕೆ ತಳ್ಳಿದಳು. ಗಂಟು ಸಡಿಲಾಗಿ ರಿಬ್ಬನ್ನು ಬಿಟ್ಟುಕೊಂಡಿತು.

"ಅಕ್ಕಾ, ನಾ ಆಡಾಕ ಹೋಗ್ಲೆ?"

ಒಳಗೆ ಯಾರೋ ಫ್ಯಾನು ಆರಿಸಿದರು. ಬನಶಂಕರಿಯ ಕೈ ಒಮ್ಮೆ ಮೇಲೆದ್ದು, ಬಳೆಯ ತಟ್ಟನ್ನು ಆಲಿಸಿ, ಇಳಿದು, ತಂಗಿಯ ಬೆನ್ನಿನ ಮೇಲೆ ಎರಡು ಸಲ ತಟ್ಟಿತು.

"ಹೋಗ," ಎಂದಳು. "ನಾ ಇಲ್ಲೇ ಇರ್ತೀನಿ."